ಹೊರಟು ನಿಂತ ದೊಡ್ಡಪ್ಪನನ್ನು ಕೇಳಿದ್ದು

ರಷ್ಯನ್ ಭಾಷೆಯಲ್ಲಿ ಸುಮ್ಮನೆ ‘ಹೋಗು’ ಅನ್ನಲು ಬರುವುದಿಲ್ಲ. ನಡೆದು ಹೋದರೆ ಒಂದು ಮಾತು, ಗಾಡಿ ಹತ್ತಿ ಹೋದರೆ ಇನ್ನೊಂದು. ಅದರಲ್ಲೂ ಈಗ ಒಂದೇ ದಿಕ್ಕಿಗೆ ಹೊರಟವನಿಗೆ ಬೇರೆ, ಹೋಗಿ ಬಂದು ಮಾಡುವವನಿಗೆ ಬೇರೆ. ಬೀದರಿನ ಕ್ಲಾಸಿನಲ್ಲಿ ನಮ್ಮ ಮಾಸ್ತರರು ಇದನ್ನು ಬಸ್ಸಿನ ಲೆಕ್ಕದಲ್ಲಿ ಹೇಳಿಕೊಟ್ಟರು. ಜನವಾಡದಿಂದ ದಿನಾ ಬಸ್ಸಿನಲ್ಲಿ ಬೀದರಿಗೆ ಓಡಾಡುವವನದು ‘ಯೆಜ್ದಿತ್’. ಅವನೇ ಈ ಹೊತ್ತು ಬಸ್ಸಿನಲ್ಲಿ ಕೂತು ಬೀದರಿನ ಕಡೆ ಹೊರಟಿದ್ದರೆ ‘ಯೆಖತ್’. ಬಸ್ಸು ಕೆಟ್ಟು, ಇಳಿದು ನಡೆಯತೊಡಗಿದನೋ, ‘ಇದ್ತಿ’.

ಮಾಸ್ತರರು ರಷ್ಯಾದಲ್ಲಿ ಡಾಕ್ಟರಿಕೆ ಓದಿ ಬಂದವರು. ಇಲ್ಲಿಯ ಪರೀಕ್ಷೆ ಪಾಸಾಗದೆ ಡಾಕ್ಟರಾಗಲಿಲ್ಲ. ಅತ್ತೆ ಮೇಲಿನ ಸಿಟ್ಟನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುತ್ತಿದ್ದರು, ಕೊತ್ತಿಗಳು ನಾವು.

“ಏ ಸಂತಪುರದ ಎಮ್ಮಿ, ಅಲ್ಲಿ ಹಿಂಗ ತಪ್ಪು ಹೇಳಿದ್ರ ಹಿಮದಾಗ ನಿಂತು ಸಾಯ್ತಿ. ಹೆಣಾ ತರಾಕ ಸೈತ ಯಾರೂ ಬರಲ್ಲ” ಎಂದು ನನಗೆ ಹೇಳುವರು. ಕ್ಲಾಸೆಲ್ಲ ನಗುತ್ತಿತ್ತು. ನಾನು ಹಲ್ಲು ಕಚ್ಚಿ ಕೂತಿರುತ್ತಿದ್ದೆ. ನನಗೂ ಅಲ್ಲಿಗೆ ಹೋಗಿ ಡಾಕ್ಟರಿಕೆ ಓದಬೇಕಿತ್ತು. ಅಪ್ಪ ಸತ್ತ ಮೇಲೆ ಮನೆಯಲ್ಲಿ ದೊಡ್ಡಪ್ಪನ ಮಾತೇ ಮಾತು. ಅವರು ಹೂಂ ಅಂದಿದ್ದರಿಂದಲೇ ಕ್ಲಾಸಿಗೆ ಬರುತ್ತಿದ್ದೆ. ಅವರು ಬೇಡ ಅಂದ ದಿನ ಎಲ್ಲ ಮುಗಿಯಿತು ಎಂಬುದೂ ಗೊತ್ತಿತ್ತು.

“ದಾರ್ಯಾಗ ಯಾರ್ ಸಿಕ್ಕರೂ ಕೇಳ್ರಿ. ಎಲ್ಲಿಗಿ, ಹ್ಯಾಂಗ, ಹೊಳ್ಳಿ ಬರ್ತಾರೋ ಇಲ್ಲೋ. ಈ ಮೂರೂ ತಿಳೀದ ಬಾಯಿ ತೆಗೀಬ್ಯಾಡ್ರಿ” ಎಂದರು ಮಾಸ್ತರರು ಒಂದು ದಿನ.

ಆ ಸಂಜೆ ಔರಾದಿನ ಬಸ್ಸಿನಲ್ಲಿ ಊರಿಗೆ ಬರುವಾಗ ಪ್ರತಿಯೊಬ್ಬರನ್ನೂ ನೋಡುತ್ತ ಕೂತೆ. ಖಾಲಿ ಹಾಲಿನ ಕ್ಯಾನು ಇಟ್ಟುಕೊಂಡವನು ನಾಳೆಯೂ ಬರುವವನು. ತವರಿಂದ ಹಾಸಿಗೆ ಸುತ್ತಿ ತಂದ ಹೊಸ ಮದುಮಗಳು ಒಂದೇ ದಿಕ್ಕಿಗೆ ಹೊರಟವಳು. ಒಬ್ಬೊಬ್ಬರಿಗೂ ತಕ್ಕ ಮಾತು ತಾನಾಗಿ ನಾಲಿಗೆಗೆ ಬರತೊಡಗಿತು. ತಿಂಗಳುಗಟ್ಟಲೆ ತಲೆಗೆ ಹತ್ತದ್ದು ಊರು ಮುಟ್ಟುವುದರೊಳಗೆ ಹತ್ತಿಬಿಟ್ಟಿತು. ಅಷ್ಟು ಖುಷಿ ನನಗೆ ಆಮೇಲೆ ಯಾವುದರಲ್ಲೂ ಆಗಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಹೊಸಿಲ ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಅವರ ಮಗಳಿಗೆ ಭಾಲ್ಕಿಯಲ್ಲಿ ಒಂದು ಗಂಡು ನೋಡಿದ್ದರು, ಆ ಮಾತಿಗೆ ಹೊರಟಿದ್ದರು. ನಮ್ಮ ಕಡೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಕೆಲಸ ಕೆಡುತ್ತದೆ. ಕೇಳಲೇಬೇಕಿದ್ದರೆ ‘ದೂರ ಹೊಂಟೀರೇನ್ರಿ’ ಅನ್ನಬೇಕು. ಮೊಲೆ ಬಿಟ್ಟ ಕೂಸಿಗೂ ಗೊತ್ತಿರುವ ಸಂಗತಿ. ನನ್ನ ತಲೆಯ ತುಂಬ ರಷ್ಯಾ.

“ದೊಡ್ಡಪ್ಪ, ಎಲ್ಲಿಗಿ ಹೊಂಟೀರಿ? ಬಸ್ಸಿಗೋ ಗಾಡಿ ಮ್ಯಾಲೋ? ಹೊಳ್ಳಿ ಬರ್ತೀರೋ, ಬರೇ ಹೋಗೂದೋ?”

ದೊಡ್ಡಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಅಪಶಕುನದ ಶಾಂತಿಗೆಂದು ನೀರು ಕುಡಿದರು. ನನ್ನನ್ನೊಮ್ಮೆ ನೋಡಿ ಮತ್ತೆ ಹೊರಟರು.

ಸಂಜೆಗೆ ಬಂದರು. ಸಂಬಂಧ ಮುರಿದಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ, “ಮನಿಯಾಗ ಇಂಥಾ ನಾಲಿಗಿ ಇದ್ರ ಶುಭಕಾರ್ಯ ಹ್ಯಾಂಗ ಆಗ್ತಾವ್ರಿ?” ಎಂದರು. “ರಷ್ಯಾ ಇಲ್ಲ, ಗಿಷ್ಯಾ ಇಲ್ಲ. ನಾಳಿಂದ ಬೀದರ್ ಬಂದ್.” ನನ್ನ ಮಗ್ಗುಲಲ್ಲೇ ಮಲಗಿ ಬೆಳೆದ ಅವರ ಮಗಳು ನನ್ನ ರಷ್ಯನ್ ಪುಸ್ತಕಗಳನ್ನು ಬಚ್ಚಲ ಒಲೆಗೆ ಹಾಕಿ, ಕಾದ ನೀರಿನಲ್ಲಿ ತಲೆ ತೊಳೆದುಕೊಂಡಳು.

ನಾನು ಕಾಲಿಗೆ ಬಿದ್ದೆ. ದೊಡ್ಡಪ್ಪ ಕಾಲು ಹಿಂದಕ್ಕೆ ಎಳೆದುಕೊಂಡರು. ಓಣಿಯ ಹೆಂಗಸರು ಹೊರಗೆ ಹೊರಡುವ ಮುಂಚೆ ಬಾಗಿಲಲ್ಲಿ ನಾನಿದ್ದೇನೋ ಎಂದು ಇಣುಕುತ್ತಿದ್ದರು. ಕ್ಲಾಸಿನವರು ರಷ್ಯಾಕ್ಕೆ ಹೊರಟ ಸುದ್ದಿ ಬಂದ ದಿನ, ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಕೂತು ಕೇಳಿದೆ.

“ಅವ್ವಾ, ಖರೇನೇ ನನ್ನಿಂದ ಕೆಟ್ತೇನು?”

“ಇಲ್ಲ. ಒಲ್ಲೆವು ಅಂತ ಹಿಂದಿನ ದಿನಾನೇ ಭಾಲ್ಕಿಯಿಂದ ಫೋನ್ ಬಂದಿತ್ತು. ಕೈಕಾಲು ಹಿಡ್ದು ನೋಡಾಮು ಅಂತ ನಿಮ್ಮ ದೊಡ್ಡಪ್ಪ ಹೋಗಿದ್ರು.”

“ನಿನಗ ಹ್ಯಾಂಗ ಗೊತ್ತು?”

“ಫೋನ್ ನಾನೇ ಎತ್ತಿದ್ದೆ.”

“ಮತ್ತ ನನಗ ಅಷ್ಟು ಅಂದ್ರಲ್ಲ, ಸುಮ್ನ ಯಾಕ ನಿಂತಿ?”

ಅವ್ವ ರೊಟ್ಟಿ ತಿರುವಿ ಹಾಕಿದಳು. “ಹುಡುಗೀನೇ ಬ್ಯಾಡಾದ್ಲು ಅಂತ ಊರಿಗಿ ತಿಳಿದ್ರ ಅಕಿಗಿ ಮತ್ತೊಂದು ಗಂಡು ಬರ್ತದೇನು?”

“ನಾನು? ನಾ ಏನಾಗ್ಲಿ?”

“ನೀ ಇಲ್ಲೇ ಇರ್ತಿ. ನೀನೂ ಹೋದ್ರ ನನಗ ಯಾರ್ ಅದಾರ?” ಎಂದಳು. ಅವಳ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.

ಹಸಿವಾಗಿತ್ತು, ತಿಂದೆ. ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ. ಇರುವುದು ಅವಳ ಜೊತೆಗೇ.