ಪಾದಗಳ ಸಾಲಿನಲ್ಲಿ ಅತ್ತೆಯ ಜಾಗ

ನಮ್ಮ ಮಾವನ ಅಂಗಡಿಗೆ ಮೊದಲ ಸಲ ಕಾಲಿಟ್ಟವರು ಎದುರಿನ ಗೋಡೆ ನೋಡಿ ಗಾಬರಿಯಾಗುತ್ತಾರೆ. ಅಲ್ಲಿ ಉದ್ದನೆಯ ಹಲಗೆಯೊಂದರ ಮೇಲೆ ಪಾದಗಳು ಸಾಲಾಗಿ ನಿಂತಿವೆ. ಬರೀ ಪಾದಗಳು, ಕಣಕಾಲಿನವರೆಗೆ ಮಾತ್ರ. ಅವು ಪ್ಲಾಸ್ಟರಿನವು ಅಂತ ನಾನು ಹೇಳುವಷ್ಟರಲ್ಲಿ ಕೆಲವರು ಬಾಗಿಲ ತನಕ ಹೋಗಿರುತ್ತಾರೆ.

ಮಾವನ ಕಸುಬು ಹಿಮದ ಮೇಲೆ ಜಾರಿ ಇಳಿಯುವವರ ಸ್ಕೀ ಬೂಟುಗಳನ್ನು ಕಾಲಿಗೆ ಹೊಂದಿಸುವುದು. ಕಲ್ಲಿನಷ್ಟು ಗಟ್ಟಿಯಾದ ಪ್ಲಾಸ್ಟಿಕ್ ಬೂಟನ್ನು ಬಿಸಿಗಾಳಿ ಬಿಟ್ಟು ಮೆತ್ತಗೆ ಮಾಡಿ, ಎಲ್ಲಿ ಒತ್ತುತ್ತದೋ ಅಲ್ಲಿ ಒಳಗಿನಿಂದ ಹಿಗ್ಗಿಸಿ, ಅದು ಆರುವ ತನಕ ಬಿಗಿಹಿಡಿದು ಕೂರಬೇಕು. ಅದಕ್ಕಾಗಿ ಕಾಲಿನ ಅಚ್ಚು ತೆಗೆಯುತ್ತಾರೆ. ಕೆಲಸ ಮುಗಿದ ಮೇಲೆ ನಿಮ್ಮಂಥವರ, ನನ್ನಂಥವರ ಅಚ್ಚುಗಳು ಹಿಂದಿನ ಕೋಣೆ ಸೇರುತ್ತವೆ. ರೇಸ್ ಗೆದ್ದು ಹೆಸರು ಮಾಡಿದವರದ್ದು ಮಾತ್ರ ಮುಂದಿನ ಹಲಗೆ ಏರುತ್ತದೆ. ಅಲ್ಲೂ ಕ್ರಮ ಉಂಟು. ಎಡತುದಿಯಲ್ಲಿರುವವರು ಎಲ್ಲರಿಗಿಂತ ದೊಡ್ಡವರು, ಅಲ್ಲಿಂದ ಬಲಕ್ಕೆ ಬಂದ ಹಾಗೆ ಇಳಿಮುಖ. ಊರಿಗೆಲ್ಲ ಮಾವ ಬೂಟಣ್ಣ. ಬೂಟಣ್ಣನ ಹಲಗೆಯಲ್ಲಿ ಎಷ್ಟನೆಯ ಜಾಗ ಎಂಬುದಕ್ಕೆ ನಮ್ಮೂರಲ್ಲಿ ಪದಕಕ್ಕಿಂತ ಹೆಚ್ಚು ಬೆಲೆ.

ಸೋಮವಾರ ಬೆಳಿಗ್ಗೆ, ರಜೆಗೆ ಬಂದ ಜನವೆಲ್ಲ ಬೆಟ್ಟ ಇಳಿದು ಹೋದ ಮೇಲೆ, ಅಂಗಡಿಯಲ್ಲಿ ಪಂಚಾಯ್ತಿ ಸೇರುತ್ತದೆ. ಕೇಬಲ್ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ಕು ಗ್ರೀಸು ಮೆತ್ತಿದ ಕೈಯಲ್ಲೇ ಬರುತ್ತಾನೆ. ನಿವೃತ್ತರಾದ ಮೇಷ್ಟ್ರು ಬಂದು ಹೀಟರಿನ ಪಕ್ಕದ ಕುರ್ಚಿ ಹಿಡಿಯುತ್ತಾರೆ. ಮಾತು ಯಾವಾಗಲೂ ಒಂದೇ: ಯಾವ ಕಾಲದ ಯಾರು ದೊಡ್ಡವರು?

"ಗುಂಗುರೂನ ಟೈಮ್ ನೋಡಿ ಬೂಟಣ್ಣ," ಅನ್ನುತ್ತಾನೆ ಮೆಕ್ಯಾನಿಕ್ಕು. ಗುಂಗುರು ಅಂದರೆ ಈಗ ಎಲ್ಲ ರೇಸೂ ಗೆಲ್ಲುತ್ತಿರುವ ಗುಂಗುರು ಕೂದಲಿನ ಹುಡುಗಿ. "ಎಡತುದೀಲಿ ನಿಂತಿರೋ ನಿಮ್ಮ ಗಡ್ಡದಜ್ಜ ಅರ್ಧ ದಾರಿಗೆ ಬರೋಷ್ಟರಲ್ಲಿ ಇವಳು ಕೆಳಗೆ ಕೂತು ಕಾಫಿ ಕುಡೀತಿರ್ತಾಳೆ."

"ಇವಳಿಗೆ ಅಜ್ಜನ ಮರದ ಸ್ಕೀ ಕೊಡು, ಚರ್ಮದ ಬೂಟು ಕೊಡು, ಯಂತ್ರ ಓಡಿಸಿ ಸಮ ಮಾಡದ ಹಿಮದಲ್ಲಿ ಬಿಡು," ಅನ್ನುತ್ತಾರೆ ಮಾವ. "ಕಾಫಿ ಅಲ್ಲಪ್ಪ, ಆಂಬುಲೆನ್ಸ್ ಬೇಕಾಗುತ್ತೆ."

"ಅಜ್ಜನಿಗೆ ಇವಳ ಸ್ಕೀ ಕೊಟ್ಟಿದ್ರೆ?" ಮೇಷ್ಟ್ರ ಪ್ರಶ್ನೆ.

"ಮೊದಲನೇ ತಿರುವಲ್ಲೇ ಬೇಲಿ ಹಾರಿರೋನು. ಅದಕ್ಕೇ ಹೇಳೋದು ಮೇಷ್ಟ್ರೇ, ಗಡಿಯಾರ ತೋರಿಸಬೇಡಿ. ತನ್ನ ಜೊತೆ ಇಳಿದವರನ್ನ ಎಷ್ಟು ದೂರ ಬಿಟ್ಟು ಹೋದ? ಬೆಳಕು ಕೆಟ್ಟಾಗ, ಹಿಮ ಗಾಜಾದಾಗ ಏನು ಮಾಡಿದ? ಅಷ್ಟು ನೋಡಿ ಸಾಕು."

ಹೀಗೆ ಅಳೆದೂ ಸುರಿದೂ ಮಾವ ಕಟ್ಟಿದ ಸಾಲು ಇದು: ಮೊದಲು ಗಡ್ಡದಜ್ಜ. ಆಮೇಲೆ ತಂತಿ, ಸಣಕಲು ಮೈಯವಳಾದ್ದರಿಂದ ಆ ಹೆಸರು, ಆಳುದ್ದಕ್ಕಿಂತ ಉದ್ದದ ನೆಟ್ಟನೆ ಸ್ಕೀಗಳ ಕಾಲದವಳು. ಮೂರನೆಯವನು ಬೇಕರಿಯವನು, ಬೆಟ್ಟದ ತುದಿಯಿಂದ ತಲೆ ತಗ್ಗಿಸಿ ನೇರ ಕೆಳಕ್ಕೆ ಬೀಳುವ ಡೌನ್‌ಹಿಲ್ ವೀರ. ಆಮೇಲೆ ಗುಂಗುರು, ಅವಳ ಹಿಂದೆ ಉಳಿದವರು.

ಈ ಮಾತುಕತೆಯ ಉದ್ದಕ್ಕೂ ಮೂಲೆಯ ಹೊಲಿಗೆ ಯಂತ್ರದಲ್ಲಿ ಒಬ್ಬರು ತಲೆ ತಗ್ಗಿಸಿ ಬೂಟಿನ ಒಳಪದರ ಹೊಲಿಯುತ್ತಿರುತ್ತಾರೆ. ಅವರು ನಮ್ಮ ಅತ್ತೆ. ತಂತಿಯ ಜೊತೆ ಜೊತೆಗೇ, ಕೋಲು ನೆಟ್ಟ ಗೇಟುಗಳ ನಡುವೆ ತಿರುಗುತ್ತಾ ಸಾಗುವ ಸ್ಲಾಲಂ ಇಳಿದವರು, ತಂತಿಯನ್ನು ಸೋಲಿಸಿದವರು, ಮಂಡಿ ಮುರಿದ ಮೇಲೆ ಬಿಟ್ಟವರು. ಅವರ ಪಾದ ಆ ಹಲಗೆಯ ಮೇಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಮಾವನನ್ನು ಕೇಳಿದ್ದೆ. "ಮನೆಯವರನ್ನ ಲೆಕ್ಕಕ್ಕೆ ತಗೋಬಾರದಮ್ಮ," ಅಂದಿದ್ದರು. ಏನೋ ದೊಡ್ಡ ತ್ಯಾಗ ಮಾಡಿದವರ ಮುಖ ಮಾಡಿಕೊಂಡು. ನನಗೆ ಆಗಲೇ ಮೈಯೆಲ್ಲ ಉರಿದಿತ್ತು, ಹೊಸ ಸೊಸೆ ಅಂತ ಬಾಯಿ ಮುಚ್ಚಿಕೊಂಡೆ. ಮಾವ ಕೆಟ್ಟವರಲ್ಲ. ಅತ್ತೆಯ ಮಂಡಿಗೆ ದಿನಾ ಬಿಸಿನೀರಿನ ಚೀಲ ತುಂಬಿ ಕೊಡುವವರು ಅವರೇ. ಆದರೆ ನ್ಯಾಯದ ಹುಚ್ಚು ಹಿಡಿದವರಿಗೆ ಪಕ್ಕದಲ್ಲಿ ಕೂತವರು ಕಾಣುವುದಿಲ್ಲ.

ಈ ಚಳಿಗಾಲದ ಒಂದು ಸೋಮವಾರ ಗುಂಗುರು ಹೊಸ ಬೂಟು ಹಾಕಿ ನೋಡಲು ಬಂದಿದ್ದಳು. ಬಕಲ್ ಬಿಗಿದುಕೊಂಡು ಅಂಗಡಿಯಲ್ಲಿ ಧಡಧಡ ನಡೆದಾಡುತ್ತಾ ಅತ್ತೆಯ ಮುಂದೆ ನಿಂತಳು.

"ಆಂಟಿ, ನೀವೂ ರೇಸ್ ಮಾಡ್ತಿದ್ರಂತೆ? ನಮ್ಮಜ್ಜಿ ಹೇಳಿದ್ರು. ನಿಮ್ಮ ಪಾದ ಯಾವುದು ಇದ್ರಲ್ಲಿ?"

ಯಂತ್ರ ನಿಂತಿತು. ಅತ್ತೆ ನಕ್ಕು, "ನಂದು ಇಲ್ಲೇ ಇದೆಯಲ್ಲ, ಪೆಡಲ್ ಮೇಲೆ," ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸೀದಾ ಹಿಂದಿನ ಕೋಣೆಗೆ ಹೋದೆ. ರಜೆಗೆ ಬಂದು ಬಿದ್ದೆದ್ದು ಹೋದವರ ಅಚ್ಚುಗಳ ನಡುವೆ ಅತ್ತೆಯದ್ದು ಸಿಕ್ಕಿತು. ಧೂಳು ಒರೆಸಿ ತಂದು, ಗುಂಗುರುವಿನ ಪಾದದ ಪಕ್ಕ ಇಟ್ಟೆ.

ಮಾವ ಎದ್ದು ಬಂದರು. ಆ ಪಾದವನ್ನು ಎತ್ತಿ ಕೆಳಗಿಟ್ಟರು. ಅಷ್ಟು ಜನರ ಮುಂದೆ.

"ನನ್ನ ಹೆಂಡತೀನ ನಾನೇ ಮೇಲೆ ಕೂರಿಸಿದ್ರೆ ನಾಳೆಯಿಂದ ಈ ಹಲಗೆಗೆ ಯಾರು ಬೆಲೆ ಕೊಡ್ತಾರಮ್ಮ?" ಅಂದರು ನನಗೆ.

ಅತ್ತೆ ದಾರ ಕತ್ತರಿಸಿದರು, ಯಂತ್ರಕ್ಕೆ ಬಟ್ಟೆ ಮುಚ್ಚಿದರು, ಕೋಟು ಹಾಕಿಕೊಂಡು ಮನೆಗೆ ಹೊರಟುಹೋದರು. ಗುಂಗುರುವಿನ ಬೂಟಿನ ಒಳಪದರ ಅರ್ಧ ಹೊಲಿದಂತೆಯೇ ಸೂಜಿಯ ಕೆಳಗೆ ಉಳಿಯಿತು.

ಮರುದಿನ ಅವರು ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮನೆಯಲ್ಲಿ ಜಗಳವೇನೂ ಇಲ್ಲ. ಊಟ ಬಡಿಸುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಆದರೆ ಮಾವ ಟೀವಿಯಲ್ಲಿ ರೇಸ್ ಹಾಕಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಮದುವೆಯಾದಂದಿನಿಂದ ಗಂಡ ಹೆಂಡತಿ ಒಂದೇ ಸೋಫಾದಲ್ಲಿ ಕೂತು ನೋಡಿದ ರೇಸುಗಳವು. ಮಾವ ಒಬ್ಬರೇ ಕೂತು, ಒಳ್ಳೆಯ ತಿರುವು ಬಂದಾಗ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ, ಯಾರೂ ಇಲ್ಲದ್ದು ನೋಡಿ ಮತ್ತೆ ಟೀವಿಯತ್ತ ತಿರುಗುತ್ತಿದ್ದರು. ಬೈಯಬೇಕೆಂದಿದ್ದ ನನಗೆ ಪಾಪ ಅನಿಸಿತು.

"ನಾನೇನಮ್ಮ ತಪ್ಪು ಮಾಡಿದೆ?" ಅಂತ ನನ್ನನ್ನೇ ಕೇಳಿದರು.

"ಮಾವ, ಊರಲ್ಲಿ ಇಳಿದವರನ್ನೆಲ್ಲ ತೂಗಿದ್ರಿ. ಅವರೊಬ್ಬರನ್ನ ತಕ್ಕಡಿಗೇ ಹಾಕಲಿಲ್ಲ."

ಮಾವ ತುಂಬಾ ಹೊತ್ತು ಯೋಚಿಸಿದರು. ಯೋಚಿಸಿ ಮಾಡಿದ್ದೇನು ಅಂದರೆ, ಮುಂದಿನ ಸೋಮವಾರ ಬೆಳಿಗ್ಗೆ ಗಡ್ಡದಜ್ಜನಿಂದ ಹಿಡಿದು ಎಲ್ಲರನ್ನೂ ಒಂದೊಂದು ಜಾಗ ಬಲಕ್ಕೆ ತಳ್ಳಿ, ಅತ್ತೆಯ ಪಾದವನ್ನು ಎಡತುದಿಗೆ ಇಟ್ಟುಬಿಟ್ಟರು. ಪಂಚಾಯ್ತಿಯವರು ಬಂದು ತಮ್ಮ ತಮ್ಮ ಕುರ್ಚಿ ಹಿಡಿದರು. ಮಾವ ನನ್ನನ್ನು ಮನೆಗೆ ಓಡಿಸಿದರು, ಅತ್ತೆಯನ್ನು ಕರೆದುಕೊಂಡು ಬಾ ಅಂತ. ಗುಂಗುರುವಿನ ಬೂಟು ತಡವಾಗುತ್ತಿದೆ ಅಂತ ನೆಪ ಹೇಳಿ ಕರೆತಂದೆ.

ಅತ್ತೆ ಒಳಗೆ ಬಂದರು. ಹಲಗೆ ನೋಡಿದರು. ಮಾವ ಬಹುಮಾನ ಕೊಡಲು ನಿಂತವರ ಹಾಗೆ ಕೈಕಟ್ಟಿ ನಿಂತಿದ್ದರು. ಅತ್ತೆಯ ಮುಖ ಕೆಂಪಾಯಿತು. ಸಂತೋಷಕ್ಕಲ್ಲ ಅಂತ ನನಗೆ ತಕ್ಷಣ ಗೊತ್ತಾಯಿತು.

"ಏನ್ರೀ ಇದು?"

"ನಿನ್ನ ಜಾಗ ಕಣೇ."

"ಗಡ್ಡದಜ್ಜನಿಗಿಂತ ಮುಂದೆ?" ಅತ್ತೆ ಹಲಗೆಯತ್ತ ಬೆರಳು ಮಾಡಿದರು. "ತಂತಿಗಿಂತ ಮುಂದೆ? ಅಳೋ ಮಗೂಗೆ ಮಿಠಾಯಿ ಕೊಟ್ಟ ಹಾಗೆ ಕೊಡ್ತಿದೀರಾ? ನಾನು ಮೊದಲನೇ ಜಾಗ ಕೇಳಿದ್ನಾ?"

"ಮತ್ತೆ ಏನು ಕೇಳಿದ್ದು ನೀನು?"

"ಏನೂ ಕೇಳ್ಲಿಲ್ಲ, ಅದೇ ನನ್ನ ದಡ್ಡತನ. ಪ್ರತಿ ಸೋಮವಾರ ನೀವು ಎಲ್ಲರ ಹೆಸರೂ ಹೇಳ್ತೀರಿ. ಅವನ ತಿರುವು ಹೀಗೆ, ಇವಳ ಮಂಡಿ ಹಾಗೆ. ಈ ಸಲವಾದ್ರೂ ನನ್ನ ಹೆಸರು ಬರುತ್ತೆ ಅಂತ ಕಿವಿ ಇಟ್ಕೊಂಡು ಹೊಲೀತಾ ಇರ್ತೀನಿ. ಅವಳು ಚೆನ್ನಾಗಿರ್ಲಿಲ್ಲ ಅಂತಾದ್ರೂ ಅನ್ನಿ! ಸೋಲೋಕಾದ್ರೂ ಸಾಲಲ್ಲಿ ನಿಲ್ಲಬೇಕಲ್ಲ ರೀ ನಾನು?" ಅತ್ತೆ ತಾವೇ ಹೋಗಿ ತಮ್ಮ ಪಾದವನ್ನು ಎತ್ತಿಕೊಂಡರು. "ಇವರನ್ನೆಲ್ಲ ಹೇಗೆ ತೂಗಿದ್ರೋ ನನ್ನನ್ನೂ ಹಾಗೇ ತೂಗಿ. ಈಗಲೇ, ಇವರ ಮುಂದೆಯೇ. ನಾನು ಎಷ್ಟನೆಯವಳು?"

ಮೆಕ್ಯಾನಿಕ್ಕು ಮೆಲ್ಲಗೆ ಎದ್ದು ಹೊರಡಲು ನೋಡಿದ. "ಕೂತ್ಕೋ," ಅಂದರು ಅತ್ತೆ. ಕೂತ.

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವರು ಮಾತಾಡಿದ್ದು ಕೇಳಿ ನಾನು ದಂಗಾದೆ.

"ನಿನ್ನ ಕೊನೇ ಚಳಿಗಾಲ," ಅಂದರು ನಿಧಾನಕ್ಕೆ. "ಮಂಜು ಕವಿದಿತ್ತು, ಮುಂದಿನ ಗೇಟು ಕೂಡ ಸರಿಯಾಗಿ ಕಾಣ್ತಿರ್ಲಿಲ್ಲ. ಬಂದವರೆಲ್ಲ ಬ್ರೇಕ್ ಹಾಕಿದ್ರು. ತಂತಿ ಕೂಡ ಹಾಕಿದ್ಲು. ನೀನು ಹಾಕ್ಲಿಲ್ಲ. ಅಂಥಾ ಧೈರ್ಯ ಈ ಹಲಗೆಯಲ್ಲಿ ಅಜ್ಜನಿಗೆ ಬಿಟ್ರೆ ಯಾರಿಗೂ ಇಲ್ಲ. ಲಯ ನಿನ್ನ ಹಾಗೆ ಗುಂಗುರೂಗೂ ಇಲ್ಲ. ಆದ್ರೆ..."

"ಹೇಳಿ."

"ಬಲಕ್ಕೆ ತಿರುಗುವಾಗ ನಿನ್ನ ಎಡಗಾಲು ಒಂದು ಚೂರು ತಡವಾಗಿ ಬರೋದು. ಗಾಜಿನ ಹಿಮದಲ್ಲಿ ಅದು ಎದ್ದು ಕಾಣ್ತಿತ್ತು. ಅಲ್ಲೇ ತಂತಿ ನಿನ್ನ ಹಿಡೀತಿದ್ಲು. ನೀವಿಬ್ಬರೂ ಇಳಿದ ಮೂರು ಚಳಿಗಾಲದಲ್ಲಿ ನೀನು ಅವಳನ್ನ ಸೋಲಿಸಿದ್ದಕ್ಕಿಂತ ಅವಳು ನಿನ್ನ ಸೋಲಿಸಿದ್ದೇ ಜಾಸ್ತಿ. ಬೇಕರಿಯವನು ತನ್ನ ಜೊತೆಯವರನ್ನ ಬಿಟ್ಟು ಹೋದಷ್ಟು ದೂರ ನೀನು ಯಾರನ್ನೂ ಬಿಟ್ಟು ಹೋಗ್ಲಿಲ್ಲ." ಮಾವ ಕನ್ನಡಕ ಮತ್ತೆ ಹಾಕಿಕೊಂಡರು. "ನೀನು ನಾಲ್ಕನೆಯವಳು."

ಇಷ್ಟು ವರ್ಷ ಅತ್ತೆಯ ಬಗ್ಗೆ ಒಂದು ಮಾತೂ ಆಡದ ಮನುಷ್ಯ ಅವರ ಒಂದೊಂದು ತಿರುವನ್ನೂ ಎದೆಯಲ್ಲಿಟ್ಟುಕೊಂಡಿದ್ದರು. ಅತ್ತೆಗೂ ಅದು ಗೊತ್ತಾಗಿರಬೇಕು. ಅವರ ಕಣ್ಣು ತುಂಬಿ ಬಂತು. ಆ ಕಣ್ಣಲ್ಲೇ ಮಾವನನ್ನು ದಿಟ್ಟಿಸಿದರು.

"ಎಡಗಾಲು ತಡವಾಯ್ತಾ?"

"ಆಯ್ತು."

"ಆ ಬೂಟು ಹಿಮ್ಮಡಿ ಹತ್ರ ಸಡಿಲ ಇತ್ತು ರೀ. ಹೊಂದಿಸಿ ಕೊಟ್ಟಿದ್ದು ಯಾರು?"

ಮೇಷ್ಟ್ರು ಕೆಮ್ಮಿದರು. ಮೆಕ್ಯಾನಿಕ್ಕು ತಡೆಯಲಾರದೆ ಕಿಸಕ್ಕನೆ ನಕ್ಕ. ಮಾವನ ಕಿವಿ ಕೆಂಪಗಾಯಿತು, ಆದರೂ ಜಗ್ಗಲಿಲ್ಲ.

"ಬೂಟು ಯಾರದೇ ಇರಲಿ, ತಡ ಆಗಿದ್ದು ಆಗಿದ್ದೇ. ನಾಲ್ಕು."

ಅತ್ತೆ ಮೊದಲ ಮೂವರನ್ನು ಮತ್ತೆ ಎಡಕ್ಕೆ ಸರಿಸಿ, ತಮ್ಮ ಪಾದವನ್ನು ಬೇಕರಿಯವನ ಪಕ್ಕ, ಗುಂಗುರುವಿನ ಮುಂದೆ ಇಟ್ಟರು. ಆಮೇಲೆ ಹೊಲಿಗೆ ಯಂತ್ರದ ಸ್ಟೂಲನ್ನು ಮೂಲೆಯಿಂದ ಎಳೆದುಕೊಂಡು ಬಂದು ಪಂಚಾಯ್ತಿಯ ನಡುವೆ ಹಾಕಿ ಕೂತರು.

"ಸರಿ, ನಾಲ್ಕು," ಅಂದರು ಕಣ್ಣೊರೆಸಿಕೊಂಡು. "ಈಗ ಆ ಬೇಕರಿಯವನ ವಿಷಯಕ್ಕೆ ಬನ್ನಿ. ನೆಟ್ಟಗೆ ಬೀಳೋದು ಬಿಟ್ರೆ ತಿರುಗೋಕೆ ಬರ್ತಿತ್ತೇನ್ರೀ ಅವನಿಗೆ?"