ಕುಂಟದೆ ನಡೆದ ಶಿವಗಂಗಮ್ಮ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಶಿವಗಂಗಮ್ಮ ಇಪ್ಪತ್ತೆರಡು ವರ್ಷ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಾಫಿ ಬೀಜ ಆರಿಸಿದವಳು. ಕರಿ ಬೀಜ, ಒಡಕು ಬೀಜ ಯಾವುದೂ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಮಂಡಿಗಳು ಮಾತ್ರ ಹತ್ತು ವರ್ಷಕ್ಕೇ ಕೈಕೊಟ್ಟವು. ಅದಕ್ಕೆ ಅಲ್ಲಿನ ಹೆಂಗಸರಲ್ಲಿ ಒಂದು ಪದ್ಧತಿಯಿತ್ತು: ಬೆಳಗಿನ ಟೀ ಜೊತೆಗೆ ಒಂದು ನೋವಿನ ಮಾತ್ರೆ. ನೋವು ಬಂದಮೇಲೆ ನುಂಗುವವರು ದಡ್ಡರು, ಬರುವ ಮೊದಲೇ ನುಂಗುವವರು ಜಾಣೆಯರು. ಶಿವಗಂಗಮ್ಮ ಜಾಣೆಯರಿಗೆಲ್ಲ ಹಿರಿಯಳು. ಹೊಸದಾಗಿ ಕೆಲಸಕ್ಕೆ ಬಂದವರಿಗೂ ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆ ಕೊಡುತ್ತಿದ್ದಳು.

“ನುಂಗು ಮಾರಾಯ್ತಿ, ಸಂಜೆ ತನಕ ಮಂಡಿ ಇದೆ ಅನ್ನೋದೇ ಮರ್ತು ಹೋಗುತ್ತೆ.”

ಒಬ್ಬಳೇ ಮಗಳು ಭುವನಾ. ಹೆರಿಗೆಯಲ್ಲಿ ಏರಿದ ಅವಳ ಬಿ.ಪಿ. ಆಮೇಲೆ ಇಳಿಯಲೇ ಇಲ್ಲ. ಮಗು ಕೃತಿಕಾಗೆ ಮೂರು ತುಂಬುವಷ್ಟರಲ್ಲಿ ಭುವನಾಳ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ಕಿಡ್ನಿ ಕೊಡೋಣವೆಂದರೆ ಅಳಿಯ ಕಲ್ಲೇಶನ ರಕ್ತದ ಗುಂಪು ಹೊಂದಲಿಲ್ಲ. ತಾಯಿಯದು ಹೊಂದಿತು. ಶಿವಗಂಗಮ್ಮನಿಗೆ ಹೋದ ಜೀವ ಬಂದ ಹಾಗಾಯಿತು.

“ನನ್ನ ಹತ್ರ ಎರಡಿವೆಯಲ್ಲ, ಒಂದು ನಿಂಗೆ. ಅದಕ್ಯಾಕೆ ಅಳ್ತೀಯೆ?” ಎಂದಳು.

ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಅಷ್ಟು ದಿನ ಅವಳಿಗೆ ಒಂದೇ ಚಿಂತೆ. ಕುಂಟುವ ಮುದುಕಿಯ ಕಿಡ್ನಿ ಬೇಡ ಅಂತ ಡಾಕ್ಟರು ವಾಪಸು ಕಳಿಸಿಬಿಟ್ಟರೆ? ಸಂತೆಗೆ ಹಸು ಹೊಡೆಯುವವನು ಕೊಂಬಿಗೆ ಎಣ್ಣೆ ಹಚ್ಚುತ್ತಾನಲ್ಲ, ಹಾಗೆ ಇವಳೂ ತಯಾರಿಗೆ ನಿಂತಳು. ದಿನಕ್ಕೊಂದಿದ್ದ ಮಾತ್ರೆ ಮೂರಾಯಿತು. ಮೆಡಿಕಲ್ ಶಾಪಿನವನು ಡಾಕ್ಟರ ಚೀಟಿ ಕೇಳುವುದಿರಲಿ, ತಲೆಯನ್ನೂ ಎತ್ತಲಿಲ್ಲ. ಅವನನ್ನು ಬೈಯಬೇಕು ಅನ್ನಿಸುತ್ತದೆ, ಆದರೆ ಯಾರನ್ನೆಂದು ಬೈಯುವುದು?

ಆಸ್ಪತ್ರೆಯಲ್ಲಿ ಅವಳು ಲಿಫ್ಟ್ ಬಿಟ್ಟು, ಡಾಕ್ಟರು ನೋಡಲೆಂದೇ ಮೆಟ್ಟಿಲು ಹತ್ತಿದಳು.

“ಏನಾದ್ರೂ ಮಾತ್ರೆ ತಗೊಳ್ತೀರಾ?” ಎಂದು ನರ್ಸ್ ಕೇಳಿದಳು.

“ಇಲ್ಲಮ್ಮ. ಬಿ.ಪಿ. ಇಲ್ಲ, ಶುಗರ್ ಇಲ್ಲ.”

ಸುಳ್ಳು ಹೇಳಲಿಲ್ಲ, ಪಾಪ. ಅವಳ ಲೆಕ್ಕದಲ್ಲಿ ಕಾಯಿಲೆಗೆ ನುಂಗುವುದಷ್ಟೇ ಮಾತ್ರೆ. ನೋವಿನದು ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ.

ವಾರದ ನಂತರ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದರು.

“ಅಮ್ಮಾ, ನಿಮ್ಮ ಕಿಡ್ನಿಗಳು ಅರ್ಧಕ್ಕಿಂತ ಹೆಚ್ಚು ಕೆಲಸ ನಿಲ್ಲಿಸಿವೆ. ನೋವಿನ ಮಾತ್ರೆ ನುಂಗ್ತೀರಾ?”

“ಅದಾ? ಹನ್ನೆರಡು ವರ್ಷದಿಂದ ನುಂಗ್ತಿದೀನಿ. ಈಗ ಒಂದೂವರೆ ತಿಂಗಳಿಂದ ದಿನಕ್ಕೆ ಮೂರು. ನಿಮ್ಮ ಮುಂದೆ ನೆಟ್ಟಗೆ ನಡೀಬೇಕಲ್ಲ ಅಂತ.”

ಡಾಕ್ಟರು ರಿಪೋರ್ಟು ಮುಚ್ಚಿಟ್ಟರು. ಆಮೇಲೆ, ಇವತ್ತಿಂದ ಒಂದನ್ನೂ ಮುಟ್ಟಬೇಡಿ, ನಿಮ್ಮ ಕಿಡ್ನಿ ತಗೊಳ್ಳೋಕಾಗಲ್ಲ, ಇನ್ನು ನಿಮಗೇ ಚಿಕಿತ್ಸೆ ಬೇಕು ಎಂದರು.

“ಬಿಟ್ಟುಬಿಡ್ತೀನಿ ಸ್ವಾಮಿ, ಈಗಲೇ ಬಿಟ್ಟೆ. ಆರು ತಿಂಗಳು ಬಿಟ್ಕೊಂಡು ಬರ್ಲಾ?”

“ಹೋದದ್ದು ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೊಳ್ಳೋಕೆ ನೋಡಬೇಕು.”

ಮಾಡಿದ್ದುಣ್ಣೋ ಮಹಾರಾಯ ಅನ್ನುವವರು ಅನ್ನಲಿ. ಮಾಡಿದವಳು ಇವಳಾದರೂ ಉಣ್ಣುವವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಊದಿದ ಕಾಲು ಚಾಚಿಕೊಂಡು.

“ಆಗಲ್ಲವಂತೆ ಕಣೆ,” ಎಂದಳು ಶಿವಗಂಗಮ್ಮ.

ಯಾಕೆ ಎಂದು ಭುವನಾ ಕೇಳಲಿಲ್ಲ. ತಾಯಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಹೋಗ್ಲಿ ಬಿಡಮ್ಮ, ನಂಗೂ ಒಳಗೊಳಗೇ ಭಯ ಇತ್ತು. ನಂದೇನಾದ್ರೂ ಆಗ್ಲಿ, ಕೃತಿಕಾನ ಸಾಕೋಕೆ ನೀನು ಗಟ್ಟಿಯಾಗಿರ್ತೀಯಲ್ಲ. ಅಷ್ಟು ಸಾಕು.”

ಶಿವಗಂಗಮ್ಮ “ಹೂಂ” ಎಂದಳು.