ವೇಬ್ರಿಡ್ಜಿನ ಹಳೇ ಕಂಪ್ಯೂಟರಿಗೆ ಅನುಸೂಯಕ್ಕನೇ ಬೇಕು

ಜವನಗೊಂಡನಹಳ್ಳಿಯಲ್ಲಿ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಊರಾಚೆಯಲ್ಲಿ ಸರಕಿನ ಗಾಡಿಗಳನ್ನು ತೂಗುವ ವೇಬ್ರಿಡ್ಜಿನ ಸಣ್ಣ ಕೋಣೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿರುವ ಅನುಸೂಯ, ಕಂಪ್ಯೂಟರಿನ ತಗಡಿನ ಮುಚ್ಚಳ ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೆ. ಬಾಯಿಗೆ ಸೆರಗು ಅಡ್ಡ ಕಟ್ಟಿಕೊಂಡು ಪೇಂಟಿನ ಬ್ರಷ್ಷಿನಿಂದ ಒಳಗಿನ ಧೂಳು ಗುಡಿಸುತ್ತಾರೆ. ಮೆಕ್ಕೆಜೋಳದ ಹೊಟ್ಟು, ಹಲ್ಲಿ ಮೊಟ್ಟೆಯ ಸಿಪ್ಪೆ, ಒಣಗಿದ ಜಿರಳೆ, ಎಲ್ಲ ಉದುರುತ್ತದೆ. ಬಿಸಿಲೇರುವ ಹೊತ್ತಿಗೆ ಲಾರಿ, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ, ಅಷ್ಟರೊಳಗೆ ಕೆಲಸ ಮುಗಿಯಬೇಕು. ಅದಕ್ಕೇ ಹೊಳಲ್ಕೆರೆಯಿಂದ ನಿನ್ನೆ ಸಂಜೆಯೇ ಹೊರಟು, ಹಿರಿಯೂರಿನ ಚಿಕ್ಕಮ್ಮನ ಮನೆಯಲ್ಲಿ ತಂಗಿ, ಮೊದಲ ಬಸ್ಸಿಗೆ ಬಂದಿದ್ದಾರೆ.

"ಕುಂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ. ಸೊಂಟ ಹಂಗಾಗೈತೆ" ಎನ್ನುತ್ತಾರೆ, ಬ್ರಷ್ಷು ನಿಲ್ಲಿಸದೆ.

ಅನುಸೂಯ ಅವರಿಗೀಗ ಐವತ್ತರ ಆಸುಪಾಸು. ಹರೆಯದಲ್ಲಿ ಚಿತ್ರದುರ್ಗದ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿನ ಮಿಷಿನ್ನುಗಳು ಕೆಟ್ಟರೆ ಬಿಚ್ಚಿ ನೋಡುವವರೂ ಅವರೇ. ಕೇಂದ್ರ ಮುಚ್ಚಿತು, ಬಿಚ್ಚುವ ಕೆಲಸವೇ ಕೈಹಿಡಿಯಿತು. ಗಂಡ ಬೋರಣ್ಣ ಹೊಳಲ್ಕೆರೆಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದಾರೆ. ಇವರು ಬ್ಯಾಗು ಹೆಗಲಿಗೇರಿಸಿ ಸುತ್ತಲಿನ ನಾಲ್ಕು ತಾಲ್ಲೂಕು ಸುತ್ತುತ್ತಾರೆ. ಹೊಸದುರ್ಗದ ಎಣ್ಣೆ ಮಿಲ್ಲು, ಚಿತ್ರದುರ್ಗದ ಒಂದು ಪ್ರೆಸ್ಸು, ಅಲ್ಲಲ್ಲಿ ವೇಬ್ರಿಡ್ಜುಗಳು, ಹೀಗೆ ಮೂವತ್ತರಷ್ಟು ಹಳೇ ಕಂಪ್ಯೂಟರುಗಳು ಇವರ ಕೈಯಲ್ಲಿ ಉಸಿರಾಡುತ್ತಿವೆ. ತೂಕದ ಪ್ರೋಗ್ರಾಂ ಬರೆದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ತೂಕದ ಅಂಕಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಅದರ ಕಾರ್ಡು ಕೂರುವ ಜಾಗ ಹೊಸ ಕಂಪ್ಯೂಟರುಗಳಲ್ಲಿ ಇಲ್ಲ. ಹಾಗಾಗಿ ಹಳೆಯದೇ ಗತಿ.

ಇದೇ ಕೋಣೆಗೆ ಕಳೆದ ಸುಗ್ಗಿಯಲ್ಲಿ ಅವರು ಬಂದದ್ದು ಬೇರೆ ಕಾರಣಕ್ಕೆ. ಆಗ ಇಲ್ಲಿ ತೂಕ ಹಾಕುತ್ತಿದ್ದವನು ಜುಂಜೇಶ್. ಮೆಕ್ಕೆಜೋಳ ತಂದಿದ್ದ ರೈತ ದೊಡ್ಡತಿಮ್ಮಪ್ಪ, ಮನೆಯಲ್ಲಿ ಚೀಲ ಚೀಲವೂ ತೂಗಿ ತುಂಬಿಸಿದ್ದರು. ಚೀಟಿಯಲ್ಲಿ ತೂಕ ಕಡಿಮೆ ಬಂತು. ಸಾಲಿನಲ್ಲಿದ್ದವರೆದುರು ಜುಂಜೇಶನ ಅಂಗಿ ಹಿಡಿದು "ಕಳ್ಳ ನನ್ಮಗ್ನೆ, ಎಷ್ಟು ಜನಕ್ಕೆ ಹಿಂಗೆ ಮಾಡಿದ್ದೀಯಲೇ" ಎಂದರು. ಮತ್ತಿಬ್ಬರು ತಮಗೂ ಹೀಗೇ ಆಗಿತ್ತೆಂದರು. ತೂಕ ಹೆಚ್ಚು ಬಂದವರೂ ಇದ್ದರು, ಅವರು ಬಾಯಿ ಬಿಡಲಿಲ್ಲ. ಮಾಲೀಕ ಶಿವಕುಮಾರಪ್ಪ ಜುಂಜೇಶನಿಗೆ ನಾಳೆಯಿಂದ ಬರಬೇಡ ಎಂದುಬಿಟ್ಟರು.

ಜುಂಜೇಶ್ ಅನುಸೂಯ ಅವರಿಗೆ ಫೋನ್ ಮಾಡಿದ. "ಅಕ್ಕಾ, ನಾನೇನೂ ಮಾಡಿಲ್ಲ. ನೀವಾದ್ರೂ ಬಂದು ನೋಡ್ರಿ."

ಬಂದರು. ಕೇಬಲ್ಲು ಬದಲಿಸಿದರು, ತೂಕದ ಕಾರ್ಡು ಕಿತ್ತು ಒರೆಸಿ ಮತ್ತೆ ಕೂರಿಸಿದರು. ಮಧ್ಯಾಹ್ನದವರೆಗೂ ಒಂದೂ ತಪ್ಪಿಲ್ಲ. "ಮಿಷಿನ್ ನೆಟ್ಟಗೈತಲ್ಲಮ್ಮ. ಇನ್ನೇನು ನೋಡ್ತೀರಿ?" ಎಂದರು ಶಿವಕುಮಾರಪ್ಪ. ಜುಂಜೇಶ್ ಗೋಡೆಗೊರಗಿ ನಿಂತಿದ್ದ. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಅನುಸೂಯ ಅವರಿಗೂ ಸಾಕಾಗಿತ್ತು. ಬ್ಯಾಗು ಕಟ್ಟಿದ್ದರು.

ಊಟ ಮುಗಿಸಿದ ಮಾಲೀಕರು ಪಕ್ಕದ ಆಫೀಸಿಗೆ ಹೋಗಿ ಅಂದು ಮೊದಲ ಸಲ ತಮ್ಮ ಕಂಪ್ಯೂಟರ್ ಹಾಕಿದರು. ಆ ಹೊತ್ತಿಗೆ ತೂಗಿದ ಟ್ರ್ಯಾಕ್ಟರು ಕೆಳಗಿಳಿಯಿತು. ಪ್ಲಾಟ್‌ಫಾರಂ ಖಾಲಿ. ಪರದೆಯ ಮೇಲೆ ಮಾತ್ರ ಟ್ರ್ಯಾಕ್ಟರಿನ ತೂಕ ಹಾಗೇ ನಿಂತಿತ್ತು. ಮುಂದಿನ ಗಾಡಿ ಹತ್ತಿದರೂ ಅದೇ ಅಂಕಿ. ಅನುಸೂಯ ಬ್ಯಾಗು ಕೆಳಗಿಟ್ಟರು. "ಯಜಮಾನ್ರೆ, ಹಂಗೇ ಎದ್ದು ಬರ್ರಿ. ಅದನ್ನ ಆರಿಸಬ್ಯಾಡ್ರಿ."

ಆಫೀಸಿನಲ್ಲಿ ಕೂತೇ ಲೆಕ್ಕ ನೋಡಲೆಂದು ಶಿವಕುಮಾರಪ್ಪ ಕೆಲ ತಿಂಗಳ ಹಿಂದೆ ಯಾರಿಂದಲೋ ತೂಕದ ಕಂಪ್ಯೂಟರಿಗೆ, ಎರಡನ್ನೂ ಜೋಡಿಸುವ ಒಂದು ಹಳೇ ನೆಟ್‌ವರ್ಕ್ ಕಾರ್ಡು ಹಾಕಿಸಿದ್ದರು. ತಂಟೆ ಅಲ್ಲೇ ಇತ್ತು. "ಒಳಗೆ ಒಂದೊಂದು ಕಾರ್ಡಿಗೂ ಕೂಗಕ್ಕೆ ಒಂದೊಂದು ನಂಬರ್ ಐತೆ. ತೂಕದ್ದು ಮೂರು. ಇದನ್ನೂ ತಂದು ಮೂರಕ್ಕೇ ಹಾಕಿದ್ರು. ಎರಡು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದಂಗೆ. ಇದು ಬೆಲ್ ಒತ್ಕೊಂಡೇ ಇದ್ರೆ ತೂಕದ ಕೂಗು ಯಾರಿಗೆ ಕೇಳುತ್ತೆ? ಹಿಂದಿನ ಗಾಡಿ ತೂಕನೇ ಮುಂದಿನೋರ ಚೀಟಿಗೆ ಹೋಗೋದು" ಎಂದು ಅನುಸೂಯ ವಿವರಿಸುತ್ತಾರೆ.

ಆ ನೆಟ್‌ವರ್ಕ್ ಕಾರ್ಡಿನ ಮೇಲಿನ ಕಡ್ಡಿಗಳಿಗೆ ಸಿಕ್ಕಿಸಿದ್ದ ಸಣ್ಣ ಪ್ಲಾಸ್ಟಿಕ್ ಟೋಪಿಯನ್ನು ಚಿಮುಟದಿಂದ ಕಿತ್ತು ಐದನೇ ನಂಬರಿಗೆ ಹಾಕಿದರು. ಈಗ ಕಂಪ್ಯೂಟರ್ ಏಳಲೇ ಇಲ್ಲ. ಐದರಲ್ಲಿ ಆಗಲೇ ಸೌಂಡ್ ಕಾರ್ಡು ಕೂತಿತ್ತು. ವೇಬ್ರಿಡ್ಜಿನಲ್ಲಿ ಹಾಡು ಕೇಳುವವರು ಯಾರು? ಅದನ್ನು ಕಿತ್ತು ಮಾಲೀಕರ ಕೈಗಿಟ್ಟರು. ಕಂಪ್ಯೂಟರ್ ಎದ್ದಿತು. ಇಳಿದ ಗಾಡಿಯ ಹಿಂದೆಯೇ ಸೊನ್ನೆ ಬಂತು.

ಅಷ್ಟಕ್ಕೇ ಅವರು ಹೊರಡಲಿಲ್ಲ. ದೊಡ್ಡತಿಮ್ಮಪ್ಪನವರನ್ನು ಕರೆಸಲೇಬೇಕೆಂದು ಪಟ್ಟು ಹಿಡಿದರು. ಆಫೀಸಿನ ಕಂಪ್ಯೂಟರ್ ನಡೆಯುತ್ತಿರುವಾಗಲೇ ಅವರ ಟ್ರ್ಯಾಕ್ಟರನ್ನು ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ ತೋರಿಸಿದರು. ನಂಬರ್ ಮೂರಕ್ಕೆ ಹಾಕಿದರೆ ಏನಾಗುತ್ತದೆಂದೂ ತೋರಿಸಿದರು. ದೊಡ್ಡತಿಮ್ಮಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ತಪ್ಪಾತಪ್ಪ ಜುಂಜೇಶ. ನಿನ್ನ ಮೈ ಮುಟ್ಟಬಾರದಿತ್ತು."

ಜುಂಜೇಶ್ ತಲೆಯಾಡಿಸಿದ. ಕೋಣೆಯಲ್ಲೇ ಉಳಿದಿದ್ದ ತನ್ನ ಊಟದ ಡಬ್ಬಿ ತಗೊಂಡು ಹೊರಟ. ಮಾಲೀಕರು ಎರಡು ಸಲ ಹೇಳಿ ಕಳಿಸಿದರೂ ಬರಲಿಲ್ಲ. ಈಗ ಹಿರಿಯೂರಿನಲ್ಲಿ ಗೂಡ್ಸ್ ಆಟೊ ಓಡಿಸುತ್ತಾನೆ. ಅನುಸೂಯ ಎದುರು ಸಿಕ್ಕರೆ ನಿಲ್ಲಿಸಿ ಮಾತಾಡಿಸುತ್ತಾನೆ, ವೇಬ್ರಿಡ್ಜಿನ ಸುದ್ದಿ ಎತ್ತುವುದಿಲ್ಲ.

"ಮಿಷಿನ್ ಸರಿಯಾತು. ಅವನು ಮಾತ್ರ ತಿರುಗಿ ಬರ್ಲಿಲ್ಲ" ಎನ್ನುತ್ತಾರೆ ಅನುಸೂಯ.

ಮುಚ್ಚಳ ಹಾಕಿ ಸ್ಕ್ರೂ ಬಿಗಿದಾಗ ಮೊದಲ ಲಾರಿ ಬಂದು ನಿಂತಿದೆ. ಅದು ಹತ್ತಿ ಇಳಿಯುವವರೆಗೂ ಕಾಯುತ್ತಾರೆ, ಸೊನ್ನೆ ನೋಡಿಯೇ ಕೋಣೆಯಿಂದ ಹೊರಬೀಳುತ್ತಾರೆ. ಸಂಜೆಯೊಳಗೆ ಹೊಸದುರ್ಗ ಮುಟ್ಟಬೇಕು, ಎಣ್ಣೆ ಮಿಲ್ಲಿನವರ ಫೋನು ಆಗಲೇ ಬಂದಿದೆ. ಈ ಕೆಲಸ ಕಲಿಯಲು ಯಾರೂ ಬಂದಿಲ್ಲ, ಇನ್ನೆಷ್ಟು ದಿನ ಇರುತ್ತದೋ ಗೊತ್ತಿಲ್ಲದ ಕೆಲಸಕ್ಕೆ ಬನ್ನಿ ಎನ್ನಲು ಇವರಿಗೂ ಮನಸ್ಸಿಲ್ಲ. ರಸ್ತೆ ಬದಿಯ ಬೇವಿನ ಮರದ ಕೆಳಗೆ ಬ್ಯಾಗಿನ ಮೇಲೆಯೇ ಕೂರುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಹೇಳುತ್ತಾರೆ: "ಈ ಹಳೇವೆಲ್ಲ ನನಗಿಂತ ಮೊದ್ಲೇ ನಿಂತೋದ್ರೆ ಸಾಕು. ನಾನೇ ಮೊದ್ಲು ನಿಂತ್ರೆ, ಅವು ತಪ್ಪು ಮಾಡಿದಾಗ ಇನ್ಯಾರನ್ನೋ ಕಳ್ಳ ಅಂತಾರೆ."